ಒಂದೇ ಥರದ ಎರಡು ಕಾರು, ಒಬ್ಬರೇ ಅತ್ತೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಬೇಕು. ಎದುರು ಮನೆಯವರು ಮೂರಂತಸ್ತು ಕಟ್ಟಿಸಿದರು ಅಂತ ಹೊಟ್ಟೆ ಉರಿದರೆ ಅದಕ್ಕೊಂದು ಅರ್ಥವಿದೆ. ಜೊತೆಯಲ್ಲಿ ಓದಿದವಳ ಕತ್ತಿನಲ್ಲಿ ಹೊಸ ಅವಲಕ್ಕಿ ಸರ ಕಂಡು ಉರಿದರೆ, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡರೂ ಯಾರೂ ತಪ್ಪು ತಿಳಿಯುವುದಿಲ್ಲ. ತನ್ನ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇದೆಯಲ್ಲ ಎಂದು ಸಂಕಟಪಡುವುದು ಲೋಕರೂಢಿ. ನಾನು ಮಾತ್ರ ಆರು ವರ್ಷದಿಂದ ನನ್ನ ಹತ್ತಿರ ಇರುವುದನ್ನೇ, ಅದೇ ಕಂಪನಿಯ, ಅದೇ ಮಾಡೆಲ್ಲಿನ, ಅದೇ ಬಿಳಿ ಬಣ್ಣದ, ಒಂದೇ ಬೆಳಿಗ್ಗೆ ಶೋರೂಮಿನಿಂದ ಹೊರಗೆ ಬಂದ ಚಿಕ್ಕ ಕಾರನ್ನು ನನ್ನ ಓರಗಿತ್ತಿಯ ಹತ್ತಿರ ನೋಡಿ ನೋಡಿ ಉರಿದುಕೊಳ್ಳುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಸಮನಾದ ಎರಡರಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸೊನ್ನೆ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಆ ಲೆಕ್ಕ ಒಂದು ದಿನವೂ ಸರಿಹೋಗಲಿಲ್ಲ.

ಸಮವಾಗಿ ಹಂಚುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ದೊಡ್ಡವಳು ನಾನು, ಸುಮಾ. ಚಿಕ್ಕವಳು ರೇಖಾ. ತ್ಯಾಗರಾಜನಗರದ ಮನೆಯಲ್ಲಿ ಕೆಳಗೆ ನಾವು, ಮೇಲೆ ಅವರು. ಅತ್ತೆ ಒಂದು ತಿಂಗಳು ಕೆಳಗೆ ಊಟ ಮಾಡಿದರೆ ಇನ್ನೊಂದು ತಿಂಗಳು ಮೇಲೆ, ಮೂವತ್ತೊಂದು ದಿನದ ತಿಂಗಳು ಬಂದರೆ ಆ ಕೊನೆಯ ದಿನ ಉಪವಾಸ. ಹಬ್ಬಕ್ಕೆ ಸೀರೆ ತಂದರೆ ಬಣ್ಣ ಬೇರೆ, ಬೆಲೆ ಒಂದೇ. ಹಲಸಿನ ಹಣ್ಣು ಬಿಡಿಸಿದರೆ ತೊಳೆಗಳನ್ನು ಎಣಿಸಿಯೇ ಹಂಚುವುದು. ರೇಖಾಳ ತಟ್ಟೆಗೆ ಎಂಟು ಬಿದ್ದರೆ ನನ್ನ ತಟ್ಟೆಗೂ ಎಂಟು, ಒಂದು ಉಳಿದರೆ ಅದು ಹಸುವಿಗೆ. "ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಮ್ಮಿ ಅಂತ ನಾಳೆ ಮಾತು ಬರಬಾರದು ನೋಡಮ್ಮ" ಎನ್ನುತ್ತಾರೆ. ಇಷ್ಟು ಎಚ್ಚರದಿಂದ ಇರುವವರ ಮನೆಯಲ್ಲೂ ಹೊಟ್ಟೆಕಿಚ್ಚು ಹೇಗೆ ಹುಟ್ಟಿತು ಎಂದು ನೀವು ಕೇಳಬಹುದು. ಹುಟ್ಟುವ ಮನಸ್ಸಿದ್ದರೆ ಅದಕ್ಕೆ ಜಾಗವೇನೂ ಬೇಕಾಗುವುದಿಲ್ಲ.

ಅತ್ತೆಯ ತವರು ಬೇಗೂರು. ಆರು ವರ್ಷದ ಹಿಂದೆ ಅವರ ತಮ್ಮಂದಿರು ಕೆರೆ ಪಕ್ಕದ ತೋಟ ಮಾರಿದಾಗ ಅಕ್ಕನಿಗೂ ಒಂದು ಪಾಲು ಕೊಟ್ಟರು. ಅತ್ತೆ ಗಂಡುಮಕ್ಕಳಿಬ್ಬರನ್ನೂ ಕೂರಿಸಿಕೊಂಡು, "ಇದು ನನ್ನ ತವರಿನ ದುಡ್ಡು. ಬ್ಯಾಂಕಿಗೆ ಹಾಕಿದ್ರೆ ನೀವೇ ತೆಗ್ದು ಖರ್ಚು ಮಾಡ್ತೀರ. ನನ್ ಸೊಸೆಯರು ಕಾರು ಓಡಿಸ್ಬೇಕು" ಅಂದರು. ಎರಡು ಚಿಕ್ಕ ಕಾರು ಬಂದವು. ನನಗೆ ಕೆಂಪು ಬೇಕಿತ್ತು, ರೇಖಾಗೆ ನೀಲಿ. "ಎರಡೂ ಬಿಳೀದೇ ಇರಲಿ, ಬಣ್ಣದಿಂದಲೇ ಜಗಳ ಶುರುವಾಗೋದು" ಎಂದು ಅತ್ತೆ ತೀರ್ಪು ಕೊಟ್ಟರು. ಒಂದೇ ಒಂದು ಷರತ್ತು. ತವರಿನ ಮಣ್ಣಿನ ದುಡ್ಡಾದ್ದರಿಂದ ಪ್ರತಿವರ್ಷ ಕಾರ್ತಿಕದ ಒಂದು ಸೋಮವಾರ ಎರಡೂ ಕಾರು ಬೇಗೂರಿನ ನಾಗೇಶ್ವರನ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರಬೇಕು. ಸೋಮವಾರವಾದ್ದರಿಂದ ಗಂಡಸರು ಆಫೀಸಿಗೆ, ಮಕ್ಕಳು ಶಾಲೆಗೆ. ಹೋಗುವವರು ನಾವು ಮೂರೇ ಜನ. ಕಾರು ಎರಡು, ಅತ್ತೆ ಒಬ್ಬರು. ಇಷ್ಟೆಲ್ಲ ಸಮ ಮಾಡಿದ ಅತ್ತೆಗೆ ತಮ್ಮನ್ನು ತಾವು ಎರಡು ಭಾಗ ಮಾಡಿಕೊಳ್ಳುವುದು ಮಾತ್ರ ಸಾಧ್ಯವಿರಲಿಲ್ಲ.

ಮೊದಲ ವರ್ಷ ದೊಡ್ಡ ಸೊಸೆ ಎಂದು ನನ್ನ ಕಾರಿನಲ್ಲಿ ಕೂತರು. ಮುಂದಿನ ಸೀಟು. ಸೀರೆಯ ಸೆರಗನ್ನು ಹೊದ್ದು, ತೊಡೆಯ ಮೇಲೆ ಹಣ್ಣುಕಾಯಿ ಬುಟ್ಟಿ ಇಟ್ಟುಕೊಂಡು, ಅರೆಕೆರೆ ದಾಟಿದ ಮೇಲೆ "ಇಲ್ಲಿ ನಮ್ಮ ದೊಡ್ಡಪ್ಪನ ರಾಗಿ ಹೊಲ ಇತ್ತು, ಅಗೋ ಆ ಅಪಾರ್ಟ್‌ಮೆಂಟ್ ಇದೆಯಲ್ಲ, ಅಲ್ಲೊಂದು ಬಾವಿ ಇತ್ತು" ಎಂದು ಹೇಳುತ್ತ ಹೋದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ನನ್ನ ಜೊತೆ ಅಷ್ಟು ಮಾತಾಡಿದ್ದು ಅವತ್ತೇ. ಮನೆಯಲ್ಲಿ ನಮ್ಮ ಮಾತು ಹಾಲು, ಮೊಸರು, ಗ್ಯಾಸು ಇಷ್ಟರಲ್ಲೇ ಮುಗಿಯುತ್ತದೆ. ಕಾರಿನ ಮುಂದಿನ ಸೀಟಿನಲ್ಲಿ ಮಾತ್ರ ಅವರು ಬೇಗೂರಿನ ಹುಡುಗಿಯಾಗುತ್ತಾರೆ. ಆ ಹುಡುಗಿ ನನಗೆ ತುಂಬ ಹಿಡಿಸಿದ್ದಳು.

ಎರಡನೆಯ ವರ್ಷ ಬೇಗೂರು ರಸ್ತೆಯಲ್ಲಿ ನನ್ನ ಕಾರು ಕೈಕೊಟ್ಟಿತು. ಕ್ಲಚ್ಚು. ಎಷ್ಟು ತುಳಿದರೂ ಇಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ಹೋಗುವುದಿಲ್ಲ. ಸುಟ್ಟ ರಬ್ಬರಿನ ವಾಸನೆ ಬೇರೆ. ಹಿಂದೆ ಬರುತ್ತಿದ್ದ ರೇಖಾ ನಿಲ್ಲಿಸಿದಳು. ಅತ್ತೆ ಬುಟ್ಟಿ ಎತ್ತಿಕೊಂಡು ಇಳಿದು, "ಸುಮಾ, ಮೆಕಾನಿಕ್ ಬರೋವರ್ಗೂ ನೀನು ಇಲ್ಲೇ ಇರು. ಮಂಗಳಾರತಿಗೆ ಹೊತ್ತಾಗುತ್ತೆ, ನಾನು ರೇಖಾ ಜೊತೆ ಹೋಗಿರ್ತೀನಿ" ಎಂದು ಹೇಳಿ ಅವಳ ಕಾರು ಹತ್ತಿಬಿಟ್ಟರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ, ಪ್ಲಾಸ್ಟಿಕ್ ಪೈಪುಗಳ ಪಕ್ಕದಲ್ಲಿ ಎರಡು ಗಂಟೆ ನಿಂತಿದ್ದೆ. ಆಮೇಲಿನ ವರ್ಷಗಳಲ್ಲಿ ಯಾರ ಕಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅತ್ತೆ ನೇರವಾಗಿ ರೇಖಾಳ ಕಾರಿನ ಬಾಗಿಲಿಗೆ ಹೋಗುತ್ತಿದ್ದರು. ಪ್ರಯಾಣದಲ್ಲಿ ಅವರಿಗೆ ಹೊಟ್ಟೆ ತೊಳಸುತ್ತದೆ, ಅದಕ್ಕೆ ಒಂದು ಚಿಕ್ಕ ಸ್ಟೀಲಿನ ಡಬ್ಬಿಯಲ್ಲಿ ಜೀರಿಗೆ ಪೆಪ್ಪರ್‌ಮೆಂಟು. ಆ ಡಬ್ಬಿ ರೇಖಾಳ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕಾಯಂ ಆಗಿ ಮನೆ ಮಾಡಿತು. ನನ್ನ ಖಾನೆಯಲ್ಲಿದ್ದದ್ದು ರಿಪೇರಿ ಬಿಲ್ಲುಗಳು ಮಾತ್ರ.

ಬಿಲ್ಲುಗಳ ವಿಷಯಕ್ಕೆ ಬಂದರೆ, ನಮ್ಮ ಮೆಕಾನಿಕ್ ಮುನಿರಾಜುವಿನ ಪರಿಚಯ ಮಾಡಿಕೊಡಬೇಕು. ಬನಶಂಕರಿಯ ಒಂದು ಗಲ್ಲಿಯಲ್ಲಿ ಅವನ ಗ್ಯಾರೇಜು. ಪ್ರಾಮಾಣಿಕ ಮನುಷ್ಯ. ಬದಲಾಯಿಸಿದ ಹಳೇ ಸಾಮಾನನ್ನೆಲ್ಲ ಒಂದು ಕವರಿಗೆ ತುಂಬಿ ಡಿಕ್ಕಿಯಲ್ಲಿಟ್ಟು, "ನೋಡ್ಕೊಳಿ ಮೇಡಂ, ನಾನು ಸುಮ್‌ಸುಮ್ನೆ ಬಿಲ್ ಹಾಕಲ್ಲ" ಎನ್ನುತ್ತಾನೆ. ಕ್ಲಚ್ ಸೆಟ್ಟು ಕೂಲಿ ಸೇರಿ ಎಂಟೂವರೆ ಸಾವಿರ. ಅದಾಗಿ ನಾಲ್ಕು ತಿಂಗಳಿಗೆ ಹಂಪು ಇಳಿಯುವಾಗೆಲ್ಲ ಮುಂದಿನ ಚಕ್ರದಿಂದ ಕಟಕಟ ಶಬ್ದ. ಲಿಂಕ್ ರಾಡು, ಬುಷ್ಷು, ಮೂರು ಸಾವಿರದ ಎಂಟುನೂರು. ಜೆ.ಪಿ. ನಗರದ ಗುಂಡಿಗಳನ್ನು ಸರಿಮಾಡಿಸುವುದಕ್ಕಿಂತ ಕಾರನ್ನೇ ಸರಿಮಾಡಿಸುವುದು ಸುಲಭ ಎಂದು ಸಮಾಧಾನ ಮಾಡಿಕೊಂಡೆ. ಬೇಸಿಗೆಯಲ್ಲಿ ಏಸಿ ಬಿಸಿಗಾಳಿ ಊದತೊಡಗಿತು, ಗ್ಯಾಸು ಸೋರಿಹೋಗಿತ್ತು, ಆರು ಸಾವಿರ. ಮಳೆಗಾಲದಲ್ಲಿ ಬ್ಯಾಟರಿ ಸತ್ತಿತು, ನಾಲ್ಕೂವರೆ. ರೇಡಿಯೇಟರಿನ ನೀರು ಎಲ್ಲಿಗೆ ಹೋಗುತ್ತದೆಂದು ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ಪೈಪು ಸೀಳಿತ್ತು. ಎಡಗಡೆಯ ಕಿಟಕಿಯ ಗಾಜು ಒಮ್ಮೆ ಇಳಿದದ್ದು ಮೇಲೇಳಲೇ ಇಲ್ಲ, ಒಂದು ವಾರ ಅದಕ್ಕೆ ಹತ್ತನೇ ಕ್ಲಾಸಿನ ಹಳೇ ಪ್ರಶ್ನೆಪತ್ರಿಕೆ ಅಂಟಿಸಿಕೊಂಡು ಓಡಾಡಿದೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಸ್ಕೂಟರಿನವರು ಅದನ್ನು ಓದುತ್ತಿದ್ದರು.

ಇಷ್ಟೂ ಕಾಲ ರೇಖಾಳ ಕಾರಿಗೆ ಆದದ್ದೇನು? ವರ್ಷಕ್ಕೊಂದು ಸಲ ಆಯಿಲ್ ಬದಲಾವಣೆ. ಅಷ್ಟೇ. ಮುನಿರಾಜು ಅವಳನ್ನು "ಅಕ್ಕ" ಎನ್ನುತ್ತಾನೆ, ನನ್ನನ್ನು "ಮೇಡಂ". ನಾನೇ ದೊಡ್ಡವಳು, ನಾನೇ ಅವನ ಗ್ಯಾರೇಜಿನ ಗೋಡೆಗೆ ಬಣ್ಣ ಬರುವಷ್ಟು ಕೊಟ್ಟವಳು. ಒಂದು ದಿನ ತಡೆಯಲಾರದೆ ಕೇಳಿದೆ, "ಮುನಿರಾಜು, ಎರಡೂ ಒಂದೇ ಗಾಡಿ ಅಲ್ವೇನಪ್ಪ? ಅದ್ಯಾಕೆ ಕೆಡಲ್ಲ?" ಅವನು ಸ್ಪಾನರ್ ಒರೆಸಿಕೊಳ್ಳುತ್ತ, "ಮೇಡಂ, ನೀವು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರ. ಅಕ್ಕ ಗೇರ್ ಹಾಕ್ಬೇಕಾದ್ರೆ ಮಾತ್ರ ತುಳೀತಾರೆ" ಅಂದ. ಅಂದರೆ ಅವಳ ಕಾಲಿಗೂ ನನ್ನ ಕಾಲಿಗಿಂತ ಬುದ್ಧಿ ಜಾಸ್ತಿ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹೌದಲ್ವಾ, ರೇಖಾ ಚೆನ್ನಾಗಿ ಓಡಿಸ್ತಾಳೆ" ಅಂದರು. ಅವತ್ತು ಅವರ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯಾಯಿತು. ಬೇಕಂತ ಹಾಕಿದ್ದಲ್ಲ, ಆದರೆ ಬೇಡ ಅಂತ ತೆಗೆಯಲೂ ಇಲ್ಲ.

ಕಾರು ನಿಲ್ಲಿಸುವ ಜಾಗದ ವಿಷಯ ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ನಮ್ಮ ಕಾಂಪೌಂಡಿನೊಳಗೆ, ಮಹಡಿ ಮೆಟ್ಟಿಲ ಪಕ್ಕದಲ್ಲಿ ಶೀಟು ಹೊದಿಸಿದ ಒಂದು ಪೋರ್ಟಿಕೋ ಇದೆ. ಒಂದೇ ಕಾರಿಗೆ ಜಾಗ. ಇನ್ನೊಂದು ಕಾರು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಕಾರು ಬಂದ ದಿನವೇ ಅತ್ತೆ, "ಒಂದ್ ತಿಂಗಳು ಇವಳು, ಒಂದ್ ತಿಂಗಳು ಅವಳು ಒಳಗೆ ನಿಲ್ಲಿಸ್ಲಿ" ಅಂದಿದ್ದರು. ನಾನೇ ಬಾಯಿ ಹಾಕಿ, "ದೊಡ್ಡ ಸೊಸೆ ಗಾಡಿ ಬೀದೀಲಿ ನಿಂತ್ರೆ ನೋಡ್ದೋರು ಏನಂತಾರೆ ಅತ್ತೆ?" ಎಂದು ಕೇಳಿದೆ. ಅತ್ತೆ ರೇಖಾಳ ಮುಖ ನೋಡಿದರು. ರೇಖಾ, "ಪರ್ವಾಗಿಲ್ಲ, ಅಕ್ಕನೇ ನಿಲ್ಲಿಸ್ಲಿ ಬಿಡಿ" ಅಂದಳು. ಆರು ವರ್ಷದಲ್ಲಿ ಅವಳನ್ನು ನಾನು ಗೆದ್ದದ್ದು ಅದೊಂದೇ ಸಲ. ಅವಳ ಕಾರಿನ ಮೇಲೆ ಹೊಂಗೆ ಹೂವು ಉದುರಿದಾಗ, ಕಾಗೆ ಗಲೀಜು ಮಾಡಿದಾಗ, ಅವಳು ಬಕೆಟ್ಟು ಹಿಡಿದುಕೊಂಡು ಮಹಡಿ ಇಳಿದು ಹೋಗುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಕಾಫಿ ಅವತ್ತು ಇನ್ನೂ ರುಚಿಯಾಗಿರುತ್ತಿತ್ತು.

ಈ ವರ್ಷ ಆಯುಧಪೂಜೆ ಮುಗಿದ ಮಾರನೆಯ ದಿನ ನಾನೊಂದು ತೀರ್ಮಾನಕ್ಕೆ ಬಂದೆ. ಏನಾದರಾಗಲಿ, ಈ ಕಾರ್ತಿಕದಲ್ಲಿ ಅತ್ತೆ ನನ್ನ ಕಾರಿನಲ್ಲಿ ಕೂರಬೇಕು. ಅವರಿಗೂ ಎಪ್ಪತ್ತೆಂಟಾಯಿತು. ಇನ್ನೆಷ್ಟು ಕಾರ್ತಿಕ ಬೇಗೂರಿಗೆ ಬರುತ್ತಾರೋ, ಆ ಬಾವಿಯ ಕಥೆ, ರಾಗಿ ಹೊಲದ ಕಥೆಯೆಲ್ಲ ರೇಖಾಳ ಕಿವಿಗೇ ಹೋಗಿ ಸೇರಿದರೆ ನನಗೇನು ಉಳಿಯಿತು? ಕಾರನ್ನು ಮುನಿರಾಜುವಿಗೆ ಒಪ್ಪಿಸಿ, "ತಲೆಯಿಂದ ಕಾಲಿನವರೆಗೆ ನೋಡಪ್ಪ. ಇನ್ನು ನಿಲ್ಲಬಾರದು" ಅಂದೆ. ಮಧ್ಯಾಹ್ನ ಫೋನು ಬಂತು. "ಮೇಡಂ, ಸ್ವಲ್ಪ ಬನ್ನಿ. ನಿಮ್ಮ ಗಾಡಿಲಿ ಒಂದು ಸಂಸಾರ ಇದೆ."

ಹೋಗಿ ನೋಡಿದೆ. ಏರ್ ಫಿಲ್ಟರಿನ ಡಬ್ಬದೊಳಗೆ ಇಲಿಯ ಗೂಡು. ಅತ್ತೆ ಹೊಸೆದಿಟ್ಟ ದೇವರ ಬತ್ತಿಗಳು, ನಾನು ಗಾಜು ಒರೆಸುವ ಹಳದಿ ಬಟ್ಟೆಯ ಚೂರುಗಳು, ರಾಶಿ ಕಡಲೆಕಾಯಿ ಸಿಪ್ಪೆ. ಪೋರ್ಟಿಕೋದ ಪಕ್ಕದಲ್ಲೇ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೇಗೂರಿನಿಂದ ಬಂದ ಕಡಲೆಕಾಯಿ ಮೂಟೆ ಇಡುವುದು ವಾಡಿಕೆ. ಇಲಿಗಳು ಅಲ್ಲಿ ಊಟ ಮಾಡಿ, ಬೆಚ್ಚಗಿನ ಇಂಜಿನ್ನಿನಲ್ಲಿ ಮಲಗಿ, ಬಾಯಿಚಪಲಕ್ಕೆ ವೈರು ಕಡಿಯುತ್ತಿದ್ದವು. ರೇಡಿಯೇಟರಿನ ಪೈಪು ಸೀಳಿದ್ದೂ, ಏಸಿಯ ಪೈಪು ತೂತಾದದ್ದೂ, ಬ್ಯಾಟರಿ ಇಳಿದದ್ದೂ, ಕಿಟಕಿಯ ವೈರು ತುಂಡಾದದ್ದೂ ಅವುಗಳ ಪ್ರಸಾದವೇ ಇರಬೇಕೆಂದು ಮುನಿರಾಜು ಒಂದೊಂದನ್ನೇ ಬೆರಳು ಮಡಿಚಿ ಹೇಳಿದ. "ಅಕ್ಕನ ಗಾಡಿ ಬಯಲಲ್ಲಿ ನಿಲ್ಲುತ್ತಲ್ಲ, ಅದಕ್ಕೆ ಅಲ್ಲಿಗೆ ಹೋಗಲ್ಲ. ನಿಮ್ಮದು ಮನೆ ಒಳಗೆ, ಸೂರಿನ ಕೆಳಗೆ. ಇಲಿಗೆ ಇನ್ನೇನು ಬೇಕು ಹೇಳಿ" ಅಂದ. ಜಗಳ ಮಾಡದೆ ಗೆದ್ದುಕೊಂಡ ಜಾಗಕ್ಕೆ ಆರು ವರ್ಷ ಬಾಡಿಗೆ ಕಟ್ಟಿದ್ದೇನೆಂದು ಮೆಕಾನಿಕ್ಕಿನ ಮುಂದೆ ಒಪ್ಪಿಕೊಳ್ಳುವುದು ಹೇಗೆ?

ವೈರಿಂಗ್ ಎಲ್ಲ ಸರಿಮಾಡಿಕೊಟ್ಟು, ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ನೇತುಹಾಕಿ ಎಂದು ಅವನು ಸಲಹೆ ಕೊಟ್ಟ. ಆ ವಾಸನೆಗೆ ಇಲಿ ಹತ್ತಿರ ಸುಳಿಯುವುದಿಲ್ಲವಂತೆ. ಹೊಗೆಸೊಪ್ಪು ಕೊಳ್ಳುವುದು ನನ್ನಂಥವಳಿಗೆ ಸುಲಭದ ಕೆಲಸವಲ್ಲ. ನಮ್ಮ ಬೀದಿ ಬಿಟ್ಟು, ಪಕ್ಕದ ಬೀದಿ ಬಿಟ್ಟು, ಯಾರೂ ಗುರುತಿನವರಿಲ್ಲದ ಒಂದು ಬೀಡಾ ಅಂಗಡಿ ಹುಡುಕಿಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದೆ. ಅಂಗಡಿಯವನು ತಲೆ ಎತ್ತಿ, "ಮಿಸ್, ನೀವಾ?" ಅಂದ. ಹದಿನೈದು ವರ್ಷದ ಹಿಂದೆ ಬೀಜಗಣಿತದಲ್ಲಿ ನಾನೇ ಎರಡು ಸಲ ಫೇಲು ಮಾಡಿದ ಹುಡುಗ. "ಇಲಿಗಪ್ಪ" ಅಂದೆ. "ಇಲಿಗಾ ಮಿಸ್, ಸರಿ ಮಿಸ್" ಅಂದ. ಹೋಂವರ್ಕ್ ಪುಸ್ತಕ ಮನೆಯಲ್ಲಿ ಮರೆತೆ ಎಂದು ಹೇಳುವ ಮಕ್ಕಳ ಮುಂದೆ ನಾನು ಇಟ್ಟುಕೊಳ್ಳುವ ಮುಖವನ್ನು ಅವನು ನನ್ನ ಮುಂದೆಯೇ ಇಟ್ಟುಕೊಂಡಿದ್ದ. ದುಡ್ಡು ಬೇಡ ಅಂದ. ಅದು ಇನ್ನೂ ಅವಮಾನವಾಗಿ, ಬಲವಂತವಾಗಿ ಕೊಟ್ಟು ಬಂದೆ.

ಹೊಗೆಸೊಪ್ಪು ಕೆಲಸ ಮಾಡಿತು. ಮೂರು ವಾರ ನನ್ನ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಕೀ ತಿರುಗಿಸಿದ ಕೂಡಲೆ ಸ್ಟಾರ್ಟು, ಏಸಿ ತಣ್ಣಗೆ, ಚಕ್ರ ಮೌನ. ಆಗ ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಟು ಗೇಟು ತೆಗೆದವಳು ರೇಖಾಳ ಕಾರಿನ ಮುಂದಿನ ಚಕ್ರದ ಮೇಲೆ, ಬಾನೆಟ್ಟಿನ ಅಂಚಿನಲ್ಲಿ ಏನೋ ಬಿದ್ದಿರುವುದನ್ನು ನೋಡಿದೆ. ಕಡಲೆಕಾಯಿ ಸಿಪ್ಪೆ. ಹೊಂಗೆ ಮರದಲ್ಲಿ ಕಡಲೆಕಾಯಿ ಬಿಡುವುದಿಲ್ಲ ಎನ್ನುವಷ್ಟು ನನಗೂ ಗೊತ್ತು. ನಿಂತುಕೊಂಡೆ. ಹೇಳಬೇಕು ಅನ್ನಿಸಿತು. ಮಹಡಿಯ ಕಡೆ ನೋಡಿದೆ, ರೇಖಾ ಬಾಲ್ಕನಿಯಲ್ಲಿ ಬಟ್ಟೆ ಒಣಗಿಹಾಕುತ್ತಿದ್ದಳು. "ಏನಕ್ಕ?" ಅಂದಳು. "ಏನಿಲ್ಲ, ಹೊತ್ತಾಯ್ತು" ಎಂದು ಕಾರು ಹತ್ತಿಬಿಟ್ಟೆ. ಕಾರ್ತಿಕ ಸೋಮವಾರಕ್ಕೆ ಇನ್ನು ಹದಿನೈದು ದಿನವಿತ್ತು. ಸಿಪ್ಪೆಯ ಮೇಲೆ ಯಾವ ಇಲಿಯ ಹೆಸರೂ ಬರೆದಿರಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮಾರನೆಯ ದಿನ ಮತ್ತೆ ಸಿಪ್ಪೆ ಇತ್ತು. ನಾನು ಆ ಕಡೆ ತಿರುಗಿ ನೋಡುವುದನ್ನೇ ಬಿಟ್ಟೆ.

ಕಾರ್ತಿಕ ಸೋಮವಾರ ಬಂತು. ಶಾಲೆಗೆ ರಜೆ ಹಾಕಿದ್ದೆ. ನಮ್ಮನೆಯವರು ಆಫೀಸಿಗೆ ಹೊರಡುವಾಗ ನಾನು ಹೇಳಿಕೊಟ್ಟಿದ್ದಂತೆಯೇ, "ಅಮ್ಮ, ಸುಮಾ ಗಾಡಿ ಈಗ ಹೊಸದರ ಥರ ಇದೆ, ಅದರಲ್ಲೇ ಕೂತ್ಕೋ" ಅಂದರು. ಅತ್ತೆ ನನ್ನ ಮುಖ ನೋಡಿದರು, ಕಾರಿನ ಮುಖ ನೋಡಿದರು. "ಹಾಗಾದ್ರೆ ಸರಿ" ಎಂದು ಬಂದು ನನ್ನ ಮುಂದಿನ ಸೀಟಿನಲ್ಲಿ ಕೂತರು. ಬುಟ್ಟಿ ತೊಡೆಯ ಮೇಲೆ. ಆಮೇಲೆ ಕೈಚೀಲದಿಂದ ಆ ಸ್ಟೀಲಿನ ಡಬ್ಬಿ ತೆಗೆದು ನನ್ನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಬಿಲ್ಲುಗಳ ಮೇಲೆ ಇಟ್ಟರು. ರೇಖಾಳ ಕಾರಿನಿಂದ ಡಬ್ಬಿ ನನ್ನ ಕಾರಿಗೆ ವರ್ಗವಾಗಿ ಬಂತು. ಇದನ್ನು ಓದಿ ನಗುವವರು ನಗಲಿ, ನನಗೆ ಆ ಹೊತ್ತು ಕಣ್ಣು ಮಂಜಾಯಿತು.

ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆಗೆ ಬಂದೆವು. ರಾಗಿ ಹೊಲದ ಕಥೆ ಶುರುವಾಗಲಿ ಎಂದು ನಾನು ಕಾಯುತ್ತಿದ್ದೆ. ಅತ್ತೆ ತಮ್ಮ ಕಡೆಯ ಕನ್ನಡಿಯಲ್ಲೇ ಕಣ್ಣು ನೆಟ್ಟಿದ್ದರು. "ರೇಖಾ ಬರ್ತಿದ್ದಾಳಾ?" ಅಂದರು. "ಬರ್ತಿದ್ದಾಳೆ ಅತ್ತೆ" ಅಂದೆ. ಎರಡು ಸಿಗ್ನಲ್ಲು ಆದ ಮೇಲೆ ಮತ್ತೆ, "ಹಿಂದೆ ಇದ್ದಾಳಾ ನೋಡು." ಅರೆಕೆರೆ ಬಂತು. "ಅತ್ತೆ, ಇಲ್ಲೇ ಅಲ್ವಾ ನಿಮ್ಮ ದೊಡ್ಡಪ್ಪನ ಹೊಲ ಇದ್ದದ್ದು?" ಎಂದು ನಾನೇ ಎಳೆ ತೆಗೆದೆ. "ಹೂಂ ಕಣಮ್ಮ. ಅವಳು ಕಾಣಿಸ್ತಿಲ್ವಲ್ಲ?" ಅಂದರು. ನನ್ನ ಕಾರಿನಲ್ಲಿ ಕೂತು ಅವಳ ಕಾರಿನಲ್ಲಿ ಪ್ರಯಾಣ ಮಾಡುತ್ತಿದ್ದರು. ನಿಜಕ್ಕೂ ರೇಖಾ ಕಾಣುತ್ತಿರಲಿಲ್ಲ. ಹುಳಿಮಾವು ದಾಟುವಷ್ಟರಲ್ಲಿ ಅವಳ ಫೋನು ಬಂತು. "ಅಕ್ಕ, ಗಾಡಿ ನಿಂತೋಯ್ತು. ಏನ್ಮಾಡಿದ್ರೂ ಸ್ಟಾರ್ಟ್ ಆಗ್ತಿಲ್ಲ. ನೀವು ಹೋಗಿ, ಮಂಗಳಾರತಿ ತಪ್ಪುತ್ತೆ."

ಅತ್ತೆಗೆ ಹೇಳಿದೆ. "ತಿರುಗಿಸು" ಅಂದರು. "ಅತ್ತೆ, ಹನ್ನೆರಡಕ್ಕೆ ಮಹಾಮಂಗಳಾರತಿ. ನಿಮ್ಮನ್ನ ಗುಡಿ ಹತ್ರ ಬಿಟ್ಟು ನಾನು ವಾಪಸ್ ಬರ್ತೀನಿ" ಅಂದೆ. "ದೇವರು ಎಲ್ಲಿಗೂ ಓಡಿಹೋಗಲ್ಲ. ಗಾಡಿ ತಿರುಗಿಸು ಸುಮಾ." ತಿರುಗಿಸಿದೆ. ರೇಖಾ ರಸ್ತೆಯ ಬದಿಯಲ್ಲಿ ಬಾನೆಟ್ಟು ಎತ್ತಿ, ಅದರೊಳಗೆ ಏನನ್ನು ನೋಡಬೇಕೆಂದೇ ತಿಳಿಯದೆ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ಬುಟ್ಟಿ ಎತ್ತಿಕೊಂಡು ನನ್ನ ಕಾರಿನಿಂದ ಇಳಿದರು. ಹೋಗಿ ಅವಳ ಬೆನ್ನು ಸವರಿ, ಓಡದೆ ನಿಂತ ಆ ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. "ಮುನಿರಾಜು ಬರೋವರ್ಗೂ ನಾನು ಇವಳ ಜೊತೆ ಇರ್ತೀನಿ" ಅಂದರು.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಅವತ್ತು ನನ್ನ ಗಾಡಿ ನಿಂತಾಗ ನನ್ನೊಬ್ಬಳನ್ನೇ ಬಿಟ್ಟು ಹೋದ್ರಲ್ಲ" ಎಂದು ಕೇಳಿಯೇಬಿಟ್ಟೆ. ಐವತ್ತರ ಹತ್ತಿರ ಬಂದ ಹೆಂಗಸು ಹೀಗೆ ರಸ್ತೆಯಲ್ಲಿ ನಿಂತು ಕೇಳುವ ಮಾತಲ್ಲ, ಗೊತ್ತು. ಅತ್ತೆ ನನ್ನನ್ನು ಆಶ್ಚರ್ಯದಿಂದ ನೋಡಿದರು. "ನೀನು ಗಟ್ಟಿಗಿತ್ತಿ ಕಣೆ. ನಿನಗಾದ್ರೆ ರೂಢಿ ಇದೆ. ಇವಳಿಗೆ ಪಾಪ, ಗಾಡಿ ಕೆಟ್ಟೇ ಅಭ್ಯಾಸ ಇಲ್ವಲ್ಲ" ಅಂದರು. ಆರು ವರ್ಷ ಅವಳ ಕಾರು ಓಡುತ್ತದೆಂದು ಹೊಟ್ಟೆ ಉರಿದಿದ್ದೆ. ಈಗ ಅವಳ ಕಾರು ಎಷ್ಟು ಚೆನ್ನಾಗಿ ಕೆಟ್ಟು ನಿಂತಿದೆಯಲ್ಲ ಎಂದು ಉರಿಯಿತು.

ಮುನಿರಾಜು ಸ್ಕೂಟರಿನಲ್ಲಿ ಬಂದ. ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಏರ್ ಫಿಲ್ಟರಿನ ಡಬ್ಬ ಬಿಚ್ಚಿ, ಒಂದು ಹಿಡಿ ಕಸ ತೆಗೆದು ಅಂಗೈಯಲ್ಲಿ ಹಿಡಿದ. ಸಿಪ್ಪೆ, ಬತ್ತಿ, ನನ್ನ ಹಳದಿ ಬಟ್ಟೆಯ ಚೂರು. "ಅಕ್ಕ, ಮೇಡಂ ಗಾಡೀಲಿದ್ದ ಸಂಸಾರ ನಿಮ್ಮ ಗಾಡಿಗೆ ಮನೆ ಖಾಲಿ ಮಾಡ್ಕೊಂಡು ಬಂದಿದೆ. ವೈರ್ ಅರ್ಧ ಕಡಿದಿತ್ತು, ಹಂಪ್ ಎಗರಿದ ಏಟಿಗೆ ಮಿಕ್ಕಿದ್ದೂ ಹೋಯ್ತು" ಅಂದ. ಆ ಹಳದಿ ಬಟ್ಟೆ ಯಾರದೆಂದು ಅತ್ತೆಗೂ ಗೊತ್ತು, ರೇಖಾಳಿಗೂ ಗೊತ್ತು. ನಾನು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಕಾರನ್ನು ಮುನಿರಾಜುವಿಗೆ ಬಿಟ್ಟು ಮೂವರೂ ನನ್ನ ಕಾರಿನಲ್ಲಿ ಹೊರಟೆವು. ಅತ್ತೆ ರೇಖಾಳ ಕೈ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹೇಗೋ ಮಂಗಳಾರತಿ ಸಿಕ್ಕಿತು. ಎರಡು ಕಾರಿನ ಲೆಕ್ಕದಲ್ಲಿ ತಂದಿದ್ದ ನಿಂಬೆಹಣ್ಣುಗಳಲ್ಲಿ ನನ್ನ ನಾಲ್ಕು ನನ್ನ ಚಕ್ರದ ಕೆಳಗೆ ಒಡೆದವು. ರೇಖಾಳ ನಾಲ್ಕಕ್ಕೆ ಕುಂಕುಮ ಹಚ್ಚಿಸಿ, "ಇದು ಅವಳ ಗಾಡೀದು, ಜೋಪಾನವಾಗಿ ಇಡು" ಎಂದು ಅತ್ತೆ ನನ್ನ ಕೈಗೆ ಕೊಟ್ಟರು. ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಅತ್ತೆ ರಾಗಿ ಹೊಲದ ಕಥೆ ಹೇಳುತ್ತಿದ್ದರು, ರೇಖಾ ಹೂಂಗುಟ್ಟುತ್ತಿದ್ದಳು, ನಾನು ಡ್ರೈವರಿನಂತೆ ಓಡಿಸುತ್ತಿದ್ದೆ. ನಾನು ಇಪ್ಪತ್ತೈದು ಸಾವಿರಕ್ಕೂ ಮೇಲೆ ಖರ್ಚು ಮಾಡಿ ಸಿದ್ಧಪಡಿಸಿದ ಮುಂದಿನ ಸೀಟಿನಲ್ಲಿ ರೇಖಾಳ ಕಾರಿನ ನಿಂಬೆಹಣ್ಣುಗಳು ಕೂತಿದ್ದವು. ಬಾಯಿ ಕಹಿಯಾಗಿತ್ತು. ಒಂದು ಸಿಗ್ನಲ್ಲಿನಲ್ಲಿ ಖಾನೆ ತೆಗೆದು ಡಬ್ಬಿಯಿಂದ ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡೆ. ಇನ್ನೊಂದು ಸಿಗ್ನಲ್ಲಿಗೆ ಇನ್ನೊಂದು.

ಎರಡು ದಿನಕ್ಕೆ ರೇಖಾಳ ಕಾರು ರಿಪೇರಿಯಾಗಿ ಬಂತು. ಸಂಜೆ ಶಾಲೆಯಿಂದ ಬರುವಾಗ ನಾನು ಅದೇ ಬೀಡಾ ಅಂಗಡಿಗೆ ಹೋಗಿ ಇನ್ನೊಂದು ಕಟ್ಟು ತಂದೆ. "ಇಲಿ ಜಾಸ್ತಿ ಆಯ್ತಾ ಮಿಸ್?" ಎಂದು ನನ್ನ ಹಳೇ ಶಿಷ್ಯ ವಿಚಾರಿಸಿಕೊಂಡ. ರೇಖಾಳ ಕಾರಿನ ಬಾನೆಟ್ಟು ಎತ್ತಿ ನಾನೇ ಕಟ್ಟಲು ನಿಂತೆ. ಅವಳು ಪಕ್ಕದಲ್ಲಿ ದಾರ ಹಿಡಿದುಕೊಂಡಿದ್ದಳು. "ರೇಖಾ, ಹದಿನೈದು ದಿನದ ಮುಂಚ್ಲೇ ನಿನ್ನ ಗಾಡಿ ಮೇಲೆ ಕಡಲೆಕಾಯಿ ಸಿಪ್ಪೆ ನೋಡಿದ್ದೆ ಕಣೆ. ಹೇಳ್ಲಿಲ್ಲ" ಅಂದೆ. ಬೈಯಲಿ ಎಂದುಕೊಂಡೆ. ಅವಳು ದಾರ ಬಿಡಿಸುತ್ತ, "ಸಿಪ್ಪೆ ನಾನೂ ನೋಡಿದ್ದೆ ಅಕ್ಕ. ನೀವೇ ತಿಂದು ಹಾಕಿದ್ರಿ ಅನ್ಕೊಂಡಿದ್ದೆ" ಅಂದಳು. ನನ್ನ ಬಗ್ಗೆ ಅವಳಿಗೆ ಇಷ್ಟು ದಿನ ಎಂಥ ಅಭಿಪ್ರಾಯವಿತ್ತೆಂದು ಆಗ ಗೊತ್ತಾಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಅವಳೇ, "ನಿಮ್ ಗಾಡಿ ಕೆಟ್ರೆ ಭಾವ ಆಫೀಸಿಂದ ಓಡಿ ಬರ್ತಾರೆ. ನಮ್ಮೋರು ಮೊನ್ನೆ ಫೋನ್ ಕೂಡ ಎತ್ತಲಿಲ್ಲ, ನಿನ್ನ ಗಾಡಿ ಎಲ್ಲಿ ಕೆಡುತ್ತೆ ಅಂತ ಎತ್ತಲಿಲ್ಲವಂತೆ" ಅಂದಳು. ಇಬ್ಬರೂ ಬಾನೆಟ್ಟಿನೊಳಗೆ ಬಗ್ಗಿಕೊಂಡೇ ನಕ್ಕೆವು. ಅಲ್ಲಿ ಹೊಗೆಸೊಪ್ಪಿನ ಘಾಟಿಗೆ ಕಣ್ಣಲ್ಲಿ ನೀರೂ ಬಂತು. "ಮುಂದಿನ ತಿಂಗಳು ನೀನು ಒಳಗೆ ನಿಲ್ಲಿಸು" ಎಂದು ನಾನೇ ಹೇಳಿದೆ. ಕಡಲೆಕಾಯಿ ಮೂಟೆಯನ್ನು ತಾರಸಿಗೆ ಸಾಗಿಸಿದ್ದಾಗಿತ್ತು, ಇನ್ನು ಹೊರಗೆ ನಿಂತ ಗಾಡಿಗೂ ಇಲಿಯ ಭಯವಿರಲಿಲ್ಲ, ಅದನ್ನು ಮಾತ್ರ ಹೇಳಲಿಲ್ಲ, ತ್ಯಾಗ ಸ್ವಲ್ಪ ದೊಡ್ಡದಾಗಿ ಕಾಣಲಿ ಎಂದು.

ಕತ್ತರಿ ತರುತ್ತೇನೆಂದು ರೇಖಾ ಮೇಲೆ ಹೋದಳು. ದಾರದ ಉಂಡೆ ಇಡಲು ಅವಳ ಡ್ಯಾಶ್‌ಬೋರ್ಡಿನ ಖಾನೆ ತೆಗೆದೆ. ಒಳಗೆ ಅತ್ತೆಯ ಸ್ಟೀಲಿನ ಡಬ್ಬಿ ಇತ್ತು. ಅದು ಎಲ್ಲಿಗೂ ವರ್ಗವಾಗಿರಲಿಲ್ಲ. ಅದು ಅವಳದು, ನನಗೆ ಕೊಟ್ಟದ್ದು ಬೇರೆಯದು. ಅತ್ತೆ ಹೊಸದಾಗಿ ಇನ್ನೊಂದು ಡಬ್ಬಿ ಕೊಂಡು, ಸಮನಾಗಿ ತುಂಬಿ, ನನ್ನ ಬಿಲ್ಲುಗಳ ಮೇಲೆ ಇಟ್ಟಿದ್ದರು. ಎದೆ ತಣ್ಣಗಾಯಿತು. ನನ್ನಂಥವಳನ್ನೂ ಹೀಗೆ ಎಣಿಸಿಕೊಂಡು ಪ್ರೀತಿಸುವವರಿದ್ದಾರಲ್ಲ, ಇನ್ನು ಮೇಲೆ ಯಾವ ಹೊಟ್ಟೆಕಿಚ್ಚೂ ಬೇಡ ಎಂದುಕೊಂಡೆ. ಆಮೇಲೆ ಗೇಟು ದಾಟಿ ಹೋಗಿ ನನ್ನ ಡಬ್ಬಿಯನ್ನೂ ತಂದು, ಬಾನೆಟ್ಟಿನ ಮೇಲೆ ಎರಡನ್ನೂ ಸುರಿದು ಎಣಿಸಿದೆ. ಅವಳದರಲ್ಲಿ ಇಪ್ಪತ್ತನಾಲ್ಕು, ನನ್ನದರಲ್ಲಿ ಇಪ್ಪತ್ತೆರಡು.

ನೋಡಿದಿರಾ, ಅವಳಿಗೇ ಎರಡು ಹೆಚ್ಚು ಎಂದು ಮುಖ ಊದಿಸಿಕೊಂಡು ಅತ್ತೆಯ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಆ ಎರಡು ಸಿಗ್ನಲ್ಲು ನೆನಪಾದದ್ದು ಬಾಗಿಲು ತಟ್ಟಿದ ಮೇಲೆ.